ಎಲೆ ಒಣಗಿತು, ಗರಿಕೆ ಸಾಯಲಿಲ್ಲ: ಕಳೆ ಔಷಧಿ ಕೆಲಸ ಮಾಡದಿದ್ದರೆ ತಪ್ಪು ಹುಡುಕುವುದು ಹೇಗೆ

ಹೊಳಲ್ಕೆರೆ ಕಡೆ ನಮ್ಮದೊಂದು ಇಪ್ಪತ್ತು ಗುಂಟೆ ಅಡಿಕೆ ತೋಟ ಇತ್ತು. ಬೋರ್ ಬತ್ತಿದ ವರ್ಷ ಮರಗಳು ಒಣಗಿದವು, ಕಡಿದು ಹಾಕಿದೆವು. ಎರಡು ವರ್ಷ ಜಾಗ ಬೀಳು ಬಿತ್ತು. ಆಮೇಲೆ ಹೊಸ ಬೋರ್‌ನಲ್ಲಿ ನೀರು ಸಿಕ್ಕಿತು. ಮತ್ತೆ ಸಸಿ ಇಡೋಣ ಅಂತ ಹೋಗಿ ನೋಡಿದರೆ ನೆಲವೇ ಕಾಣಲಿಲ್ಲ. ಗರಿಕೆ ಚಾಪೆ ಹಾಸಿದ ಹಾಗೆ ಹಬ್ಬಿತ್ತು. ತಗ್ಗಿನ ಕಡೆ ಜೇಕು ಬೇರೆ.

ಹಸ್ತದ ಮಳೆ ಹೊಳವು ಕೊಟ್ಟಾಗ ಔಷಧಿ ಹೊಡೆದೆ. ಮೂರನೇ ದಿನಕ್ಕೆ ಪೂರ್ತಿ ಕಂದು. ಖುಷಿಯೋ ಖುಷಿ. ಐದನೇ ದಿನ ರೋಟವೇಟರ್ ಹೊಡೆಸಿದೆ. ದೀಪಾವಳಿ ಹೊತ್ತಿಗೆ ಮೊದಲಿಗಿಂತ ದಟ್ಟವಾಗಿ ಗರಿಕೆ ಎದ್ದಿತ್ತು. ಬೇರೆ ಔಷಧಿ ತಂದು ಮತ್ತೆ ಹೊಡೆದೆ. ಎಲೆ ತುದಿ ಸ್ವಲ್ಪ ಹಳದಿಯಾಯ್ತು, ಹದಿನೈದು ದಿನಕ್ಕೆ ಅದೂ ಹಸಿರಾಯ್ತು. "ಔಷಧಿ ಡೂಪ್ಲಿಕೇಟು ಇರ್ಬೇಕು ಕಣಪ್ಪಾ" ಅಂದರು ಪಕ್ಕದ ಹೊಲದ ದೊಡ್ಡಪ್ಪ. ನಾನೂ ಹೌದು ಅಂದುಕೊಂಡು ಅಂಗಡಿಯವರಿಗೆ ಮನಸ್ಸಲ್ಲೇ ಬೈದೆ. ಡೂಪ್ಲಿಕೇಟ್ ಆಗಿರಲಿಲ್ಲ. ತಪ್ಪು ನನ್ನದೇ, ಅದೂ ಒಂದಲ್ಲ. ಮುಂದಿನ ವರ್ಷ ಅದೇ ಕಾಲಕ್ಕೆ, ಒಂದೇ ಸಲ ಹೊಡೆದು, ಅಲ್ಲಲ್ಲಿ ಸ್ವಲ್ಪ ತೇಪೆ ಹಾಕಿ ಮುಗಿಸಿದೆ. ಆ ಎರಡು ವರ್ಷದ ನಡುವೆ ಏನೇನು ನೋಡಿ ಕಲಿತೆನೋ ಅದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಗುದ್ದಲಿ ತಗೊಳ್ಳಿ

ಎಲೆ ನೋಡಿ ಏನನ್ನೂ ತೀರ್ಮಾನ ಮಾಡಬೇಡಿ. ಗರಿಕೆಯ ಜೀವ ಇರುವುದು ಎಲೆಯಲ್ಲಲ್ಲ, ಮಣ್ಣಿನೊಳಗಿನ ಬಳ್ಳಿಯಲ್ಲಿ. ಔಷಧಿ ಹೊಡೆದ ಜಾಗದಲ್ಲಿ ಮೂರು ನಾಲ್ಕು ಕಡೆ ಅರ್ಧ ಅಡಿ ಅಗೆಯಿರಿ. ಬೆಂಕಿಕಡ್ಡಿ ದಪ್ಪದ, ಗೆಣ್ಣು ಗೆಣ್ಣಾದ ಬಳ್ಳಿ ಸಿಗುತ್ತದೆ. ಒಂದನ್ನು ತೊಳೆದು ಉಗುರಿನಲ್ಲಿ ಕೆರೆದು ನೋಡಿ. ಒಳಗೆ ಎಳೆ ಕೊಬ್ಬರಿಯ ಹಾಗೆ ಬೆಳ್ಳಗೆ, ಹಸಿಹಸಿಯಾಗಿದ್ದರೆ ಜೀವ ಇದೆ. ಮುರಿದರೆ ಟಕ್ ಅನ್ನುತ್ತದೆ. ಸತ್ತಿದ್ದರೆ ಒಳಗೆ ಕಂದುಬಣ್ಣ, ಹಳೇ ಗೋಣಿದಾರದ ಹಾಗೆ ನಾರು ನಾರು, ಮುರಿಯುವ ಬದಲು ಬಾಗುತ್ತದೆ.

ಕಣ್ಣಿಗೆ ಅನುಮಾನ ಬಂದರೆ ಇಪ್ಪತ್ತು ತುಂಡು ಆರಿಸಿ. ಒಂದೊಂದರಲ್ಲೂ ಎರಡು ಗೆಣ್ಣು ಇರಲಿ. ಒಡೆದ ಮಡಕೆಯಲ್ಲೋ ಹಳೇ ಬಕೆಟ್‌ನಲ್ಲೋ ಮಣ್ಣು ಹಾಕಿ, ಒಂದು ಇಂಚು ಆಳದಲ್ಲಿ ಹೂತು, ದಿನಾ ನೀರು ಚಿಮುಕಿಸಿ. ಹತ್ತು ಹನ್ನೆರಡು ದಿನಕ್ಕೆ ಎಷ್ಟು ಚಿಗುರಿದವು ಅಂತ ಎಣಿಸಿ. ಮೊದಲ ವರ್ಷ ನನ್ನ ಬಕೆಟ್‌ನಲ್ಲಿ ಇಪ್ಪತ್ತಕ್ಕೆ ಹದಿನಾಲ್ಕು ಎದ್ದು ನಿಂತವು. ಅವತ್ತೇ ಗೊತ್ತಾಯ್ತು, ಹೊಲದಲ್ಲಿ ನಾನು ಕೊಂದಿದ್ದು ಬರೀ ಎಲೆ.

ಚಿಗುರು ಬಂದ ಮಾತ್ರಕ್ಕೆ ಸೋತೆವು ಅಂತಲೂ ಅಲ್ಲ. ಚಿಗುರನ್ನು ಮಣ್ಣುಸಮೇತ ಎಬ್ಬಿಸಿ. ಕೆಳಗೆ ಕೂದಲಿನಂಥ ಬೇರು ಮಾತ್ರ ಇದ್ದರೆ ಅದು ಬೀಜದಿಂದ ಬಂದ ಹೊಸ ಗಿಡ. ಗ್ಲೈಫೋಸೇಟ್‌ನಂಥ ಔಷಧಿ ಮಣ್ಣಿಗೆ ಬಿದ್ದ ಕೂಡಲೇ ಮಣ್ಣಿನ ಕಣಕ್ಕೆ ಅಂಟಿಕೊಂಡು ಸುಮ್ಮನಾಗುತ್ತದೆ, ಬೀಜ ಮೊಳೆಯುವುದನ್ನು ತಡೆಯುವುದಿಲ್ಲ. ಅಂಥ ಸಸಿಗಳನ್ನು ಕುರ್ಪಿಯಲ್ಲಿ ಕೆರೆದರೆ ಮುಗಿಯಿತು. ಚಿಗುರಿನ ಬುಡದಲ್ಲಿ ದಪ್ಪ ಬಳ್ಳಿ ಸಿಕ್ಕರೆ ಮಾತ್ರ ಮುಂದೆ ಓದಿ.

ಎಷ್ಟು ದಿನಕ್ಕೆ ಒಣಗಿತು?

ಎಲ್ಲಕ್ಕಿಂತ ಹೆಚ್ಚು ಸುಳಿವು ಕೊಡುವ ಪ್ರಶ್ನೆ ಇದು. ಒಂದೆರಡು ದಿನದಲ್ಲೇ ಎಲೆ ಸುಟ್ಟ ಹಾಗಾದರೆ ನೀವು ಹೊಡೆದಿದ್ದು ಮುಟ್ಟಿದ ಜಾಗವನ್ನು ಮಾತ್ರ ಸುಡುವ ಔಷಧಿ. ಪ್ಯಾರಾಕ್ವಾಟ್ ಆ ಜಾತಿಯದು. ಬಿಸಿಲು ಬಿದ್ದ ಹಸಿರು ಭಾಗವನ್ನು ಬೇಗ ಸುಡುತ್ತದೆ, ಬೇರಿಗೆ ಇಳಿಯುವುದಿಲ್ಲ. ಗ್ಲುಫೋಸಿನೇಟ್ ಕೂಡ ಹೆಚ್ಚುಕಮ್ಮಿ ಹಾಗೇ, ಮೂರರಿಂದ ಐದು ದಿನದಲ್ಲಿ ಎಲೆ ಒಣಗಿಸುತ್ತದೆ. ಆದರೆ ಕೆಳಗಿನ ಬಳ್ಳಿಯವರೆಗೆ ಹೋಗುವುದು ಬಹಳ ಕಮ್ಮಿ. ಒಂದೇ ಹಂಗಾಮಿನ ಹುಲ್ಲಿಗೆ ಇವು ಸಾಕು. ಗರಿಕೆಗೆ ಇವು ಕ್ಷೌರ ಮಾಡಿದ ಹಾಗೆ ಅಷ್ಟೇ.

ನನ್ನ ಮೊದಲ ತಪ್ಪು ಇದೇ. ಅಂಗಡಿಯಲ್ಲಿ ನಾನು ಕೇಳಿದ್ದು, "ಅಣ್ಣಾ, ಬೇಗ ಸಾಯೋದು ಕೊಡು" ಅಂತ. ಬೇಗ ಸಾಯಿಸುವುದನ್ನೇ ಕೊಟ್ಟ. ಡಬ್ಬಿ ಮೇಲೆ ದೊಡ್ಡದಾಗಿ ಕಾಣುವ ಬ್ರಾಂಡ್ ಹೆಸರನ್ನು ಬಿಡಿ, ಸಣ್ಣ ಅಕ್ಷರದಲ್ಲಿರುವ ಔಷಧಿಯ ಹೆಸರು ಓದಿ. ಪ್ಯಾರಾಕ್ವಾಟ್ ಬಗ್ಗೆ ಇನ್ನೊಂದು ಮಾತು. ಅದು ಹೊಟ್ಟೆಗೆ ಹೋದರೆ ಪ್ರತಿಮದ್ದು ಇಲ್ಲ. ಮನೆಯಲ್ಲಿ ಮಕ್ಕಳು, ವಯಸ್ಸಾದವರು ಇದ್ದರೆ ಆ ಡಬ್ಬಿ ಮನೆಗೆ ತರದಿರುವುದೇ ವಾಸಿ.

ಬೇರಿಗೆ ಇಳಿಯುವ ಔಷಧಿ ನಿಧಾನ. ಗ್ಲೈಫೋಸೇಟ್ ಗಿಡದೊಳಗಿನ ಒಂದು ಕಿಣ್ವವನ್ನು ತಡೆಯುತ್ತದೆ. ಪ್ರೋಟೀನಿಗೆ ಬೇಕಾದ ಮೂರು ಅಮೈನೋ ಆಮ್ಲಗಳು ಆಗ ತಯಾರಾಗುವುದಿಲ್ಲ, ಗಿಡ ಉಪವಾಸ ಬಿದ್ದ ಹಾಗೆ ಸಾಯುತ್ತದೆ. ನಾಲ್ಕೈದು ದಿನ ಏನೂ ಕಾಣುವುದಿಲ್ಲ. ಏಳರಿಂದ ಹತ್ತು ದಿನಕ್ಕೆ ಹಳದಿ, ಎರಡು ಮೂರು ವಾರಕ್ಕೆ ಕಂದು. ಈ ನಿಧಾನ ದೋಷವಲ್ಲ. ಎಲೆ ಬದುಕಿದ್ದಷ್ಟು ದಿನವೂ ಔಷಧಿಯನ್ನು ಸಕ್ಕರೆ ಜೊತೆ ಕೆಳಕ್ಕೆ ಸಾಗಿಸುತ್ತಿರುತ್ತದೆ. ಅದಕ್ಕೇ ಡೋಸ್ ಜಾಸ್ತಿ ಮಾಡಿದರೂ ಕೆಲಸ ಕೆಡುತ್ತದೆ. ಎಲೆ ಬೇಗ ಸುಟ್ಟುಹೋದರೆ ಸಾಗಿಸುವವರೇ ಇಲ್ಲ.

ಇನ್ನು 2,4-ಡಿ ಹೊಡೆದು ಗರಿಕೆ ಸಾಯಲಿಲ್ಲ ಅಂದರೆ ಅದರಲ್ಲಿ ಆಶ್ಚರ್ಯ ಇಲ್ಲ. ಅದು ಅಗಲ ಎಲೆ ಕಳೆಗೆ, ಹುಲ್ಲಿಗಲ್ಲ.

ಹುಲ್ಲು ಹೇಗಿತ್ತು?

ಕೊಲ್ಲಬೇಕಾದ ಹುಲ್ಲನ್ನು ಮೊದಲು ಚೆನ್ನಾಗಿ ಬೆಳೆಯಲು ಬಿಡಬೇಕು. ಕೇಳಲಿಕ್ಕೆ ತಮಾಷೆ ಅನಿಸುತ್ತದೆ, ನನಗೂ ಅನಿಸಿತ್ತು. ಎರಡನೇ ಸಲ ನಾನು ಹೊಡೆದಾಗ ಗರಿಕೆ ಎರಡು ಇಂಚು ಚಿಗುರಿತ್ತು ಅಷ್ಟೇ. "ಎಳೇದಿದೆ, ಈಗಲೇ ಮುಗಿಸೋಣ" ಅನ್ನೋ ಲೆಕ್ಕ. ಎಳೆ ಚಿಗುರಿಗೆ ಆಹಾರ ಬರುವುದು ಕೆಳಗಿನ ಬಳ್ಳಿಯಿಂದ, ಅಂದರೆ ಹರಿವು ಮೇಲಕ್ಕೆ. ಅಂಥ ಹೊತ್ತಲ್ಲಿ ಔಷಧಿ ಕೆಳಕ್ಕೆ ಇಳಿಯುವುದಾದರೂ ಹೇಗೆ? ಎಲೆ ಹರಡಿ, ಕಾಗೆ ಕಾಲಿನ ಹಾಗೆ ಕವಲೊಡೆದ ತೆನೆ ಕಾಣಿಸಿಕೊಂಡಾಗ ಎಲೆಯಲ್ಲಿ ತಯಾರಾದ ಸಕ್ಕರೆ ಬಳ್ಳಿಗೆ ಇಳಿಯುತ್ತಿರುತ್ತದೆ. ಹೊಡೆಯುವ ಹೊತ್ತು ಅದು.

ಚಳಿ ದೇಶಗಳಲ್ಲಿ ಹಿಮ ಬೀಳುವ ಮುಂಚಿನ ತಿಂಗಳುಗಳಲ್ಲಿ ಹೊಡೆಯಿರಿ ಅನ್ನುವುದೂ ಇದೇ ಕಾರಣಕ್ಕೆ. ಆಗ ಬಹುವರ್ಷದ ಕಳೆಗಳು ಚಳಿಗಾಲಕ್ಕೆ ಅಂತ ಬೇರಿನಲ್ಲಿ ಆಹಾರ ಕೂಡಿಡುತ್ತವೆ. ನಮ್ಮಲ್ಲಿ ಹಿಮ ಇಲ್ಲ. ಆದರೆ ಹಸ್ತ, ಚಿತ್ತಾ ಮಳೆಯ ಹೊತ್ತು, ಅಂದರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ 20ರ ಆಸುಪಾಸಿನವರೆಗೆ, ನೆಲದಲ್ಲಿ ಹಸಿ ಇರುತ್ತದೆ, ಎಲೆ ತುಂಬಿರುತ್ತದೆ, ಬಿಸಿಲೂ ಇರುತ್ತದೆ. ಡಿಸೆಂಬರ್ ದಾಟಿದರೆ ನೆಲ ಒಣಗಿ ಗರಿಕೆ ಮುದುಡಿ ಕೂರುತ್ತದೆ. ಬಾಯಾರಿದ ಹುಲ್ಲು ಔಷಧಿ ಕುಡಿಯುವುದಿಲ್ಲ. ಚಳ್ಳಕೆರೆ, ಜಗಳೂರಿನಂಥ ಕಮ್ಮಿ ಮಳೆಯ ಕಡೆ ಈ ಹೊತ್ತು ಇನ್ನೂ ಬೇಗ ಮುಗಿದುಹೋಗುತ್ತದೆ.

ಹೊಡೆಯುವ ವಾರದಲ್ಲಿ ದನ ಮೇಯಿಸಿದ್ದೀರಾ? ಹುಲ್ಲು ಕೊಯ್ದಿದ್ದೀರಾ? ಹಾಗಾದರೆ ಎಲೆಯೇ ಇಲ್ಲ. ಮಣ್ಣು ರಸ್ತೆ ಪಕ್ಕದ ಹೊಲವಾದರೆ ಎಲೆ ಮೇಲಿನ ಧೂಳನ್ನೂ ಗಮನಿಸಿ. ಔಷಧಿ ಎಲೆಗೆ ಅಂಟುವ ಮೊದಲು ಧೂಳಿಗೆ ಅಂಟುತ್ತದೆ. ಒಂದು ಮಳೆ ಬಂದು ಎಲೆ ತೊಳೆದ ಮಾರನೇ ದಿನ ಹೊಡೆದರೆ ಒಳ್ಳೇದು.

ನೀರು ಯಾವುದು?

ನಮ್ಮ ಕಡೆ ಇದನ್ನು ಯಾರೂ ಅನುಮಾನಿಸುವುದಿಲ್ಲ. ನನ್ನ ಎರಡನೇ ಸೋಲಿನಲ್ಲಿ ಇದರ ಪಾಲು ದೊಡ್ಡದು ಅಂತ ಈಗಲೂ ನಂಬಿದ್ದೇನೆ. ಆಳದ ಬೋರ್ ನೀರಿನಲ್ಲಿ ಸುಣ್ಣದಂಶ, ಮೆಗ್ನೀಸಿಯಂ ಜಾಸ್ತಿ. ಇವು ಗ್ಲೈಫೋಸೇಟ್ ಅನ್ನು ಟ್ಯಾಂಕಿನಲ್ಲೇ ಕಟ್ಟಿಹಾಕುತ್ತವೆ. ಆಮೇಲೆ ಅದು ಎಲೆಯೊಳಕ್ಕೆ ಸರಿಯಾಗಿ ಹೋಗುವುದಿಲ್ಲ. ಲ್ಯಾಬಿಗೆ ಹೋಗಬೇಕಾಗಿಲ್ಲ. ಬಚ್ಚಲ ಹಂಡೆಯ ತಳ ನೋಡಿ. ಬಿಳಿ ಪದರ ಕಟ್ಟಿದ್ದರೆ, ಸೋಪು ನೊರೆ ಬರದೆ ಸತಾಯಿಸಿದರೆ ಅದು ಗಡಸು ನೀರು.

ಕೆರೆ ನೀರು, ನಾಲೆ ನೀರು ಮೃದು ಇರಬಹುದು, ಆದರೆ ಕೆಂಪಗೆ ಕದಡಿದ್ದರೆ ಅದೂ ಬೇಡ. ತೇಲುವ ಮಣ್ಣಿನ ಕಣಗಳು ಔಷಧಿಯನ್ನು ಹಿಡಿದುಕೊಳ್ಳುತ್ತವೆ. ನಾನು ಎರಡನೇ ವರ್ಷ ಶೀಟ್ ಮನೆ ಮಾಡಿನಿಂದ ಬಿದ್ದ ಮಳೆ ನೀರನ್ನು ಡ್ರಮ್‌ನಲ್ಲಿ ಹಿಡಿದಿಟ್ಟುಕೊಂಡೆ. ಅದಿಲ್ಲದಿದ್ದರೆ ಅಮೋನಿಯಂ ಸಲ್ಫೇಟ್ ಗೊಬ್ಬರ ಇದೆ. ಲೀಟರಿಗೆ 10ರಿಂದ 20 ಗ್ರಾಂ, ಅಂದರೆ 15 ಲೀಟರ್ ಟ್ಯಾಂಕಿಗೆ 150ರಿಂದ 300 ಗ್ರಾಂ. ಅದನ್ನು ಮೊದಲು ನೀರಲ್ಲಿ ಪೂರ್ತಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಔಷಧಿಯನ್ನು ಆಮೇಲೆ ಹಾಕಬೇಕು. ಹಿಂದುಮುಂದಾದರೆ ಸುಣ್ಣದಂಶ ಔಷಧಿಯನ್ನು ಹಿಡಿದಾಗಿರುತ್ತದೆ. ಕೆಲವರು ಅಡುಗೆ ಉಪ್ಪು ಸುರಿಯುತ್ತಾರೆ. ಅದು ಬೇಡ. ನಾಳೆ ಸಸಿ ನೆಡುವ ಮಣ್ಣು ಅದು.

ಲೆಕ್ಕ, ನಾಜಲ್, ಗಾಳಿ, ಮಳೆ

ಮುಚ್ಚಳದ ಲೆಕ್ಕ ಬಿಡಿ. "ಕ್ಯಾನಿಗೆ ಎರಡು ಮುಚ್ಚಳ" ಅನ್ನುವವರ ಮುಚ್ಚಳ ಎಷ್ಟು ದೊಡ್ಡದು ಅಂತ ಯಾರಿಗೂ ಗೊತ್ತಿಲ್ಲ. ಟ್ಯಾಂಕಿಗೆ 15 ಲೀಟರ್ ಬರೀ ನೀರು ತುಂಬಿ, ನೀವು ಯಾವಾಗಲೂ ನಡೆಯುವ ವೇಗದಲ್ಲೇ ಹೊಡೆದು, ಎಷ್ಟು ಗುಂಟೆ ಮುಗಿಯಿತು ನೋಡಿ. ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ. ನನಗೆ ನಾಲ್ಕು ಗುಂಟೆ ಆಯ್ತು. ಅಂದರೆ ಎಕರೆಗೆ ಹತ್ತು ಟ್ಯಾಂಕು, 150 ಲೀಟರ್ ನೀರು. 41% ಗ್ಲೈಫೋಸೇಟ್ ದ್ರಾವಣಕ್ಕೆ ಹೇಳುವ ಪ್ರಮಾಣ ಹೆಕ್ಟೇರಿಗೆ 2ರಿಂದ 3 ಲೀಟರ್, ಎಕರೆಗೆ ಸುಮಾರು 800 ಮಿಲೀಯಿಂದ 1.2 ಲೀಟರ್. ಗರಿಕೆಗೆ ಮೇಲಿನ ಅಳತೆ ಹಿಡಿದರೆ ನನ್ನ ಟ್ಯಾಂಕಿಗೆ 120 ಮಿಲೀ. ನಿಮ್ಮ ನಡಿಗೆ ಬೇರೆಯಾದರೆ ನಿಮ್ಮ ಲೆಕ್ಕವೂ ಬೇರೆ. ಶಕ್ತಿ ಬೇರೆ ಬೇರೆ ಇರುವ ಡಬ್ಬಿಗಳೂ ಬರುತ್ತವೆ, ಲೇಬಲ್ ಓದದೆ ಅಳೆಯಬೇಡಿ. ಗಡಸು ನೀರಾದರೆ ನೀರು ಕಮ್ಮಿ ಬಳಸುವುದೂ ಒಂದು ಉಪಾಯ. ನೀರು ಕಮ್ಮಿಯಾದಷ್ಟೂ ಅದರ ಜೊತೆ ಬರುವ ಸುಣ್ಣದಂಶ ಕಮ್ಮಿ.

ಹುಳದ ಔಷಧಿಗೆ ಬಳಸುವ ಕೋನ್ ನಾಜಲ್ ಮಂಜಿನಂತೆ ಹೊಡೆಯುತ್ತದೆ. ಕಳೆಗೆ ಬೀಸಣಿಗೆ ಆಕಾರದಲ್ಲಿ ಹೊಡೆಯುವ ನಾಜಲ್ ಬೇಕು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ, ಅಲ್ವಾ? ಮಂಜಿನಂಥ ಹನಿ ಗಾಳಿಗೆ ಸಿಕ್ಕರೆ ಪಕ್ಕದವರ ಟೊಮೆಟೊಗೆ ಹೋಗಿ ಕೂರುತ್ತದೆ. ಆಮೇಲೆ ಜಗಳ ಬದುವಿನ ಮೇಲೆ.

ಬೆಳಗ್ಗೆ ಇಬ್ಬನಿ ಆರಿದ ಮೇಲೆ, ಎಂಟೂವರೆ ಒಂಬತ್ತಕ್ಕೆ ಶುರುಮಾಡಿ. ಇಬ್ಬನಿ ಇದ್ದಾಗ ಹೊಡೆದರೆ ಔಷಧಿ ಜಾರಿ ನೆಲಕ್ಕೆ ಬೀಳುತ್ತದೆ. ಹೊಡೆದ ಮೇಲೆ ಆರು ಗಂಟೆಯಾದರೂ ಮಳೆ ಬರಬಾರದು. ಚಿತ್ತಾ ಮಳೆ ಮಧ್ಯಾಹ್ನ ಸೆಕೆ ಏರಿಸಿ ಸಂಜೆ ಗುಡುಗಿಕೊಂಡು ಬರುವ ಮಳೆ. ಹನ್ನೊಂದಕ್ಕೆ ಮುಗಿಸಿದರೆ ಬಚಾವ್.

ಹೊಡೆದ ಮೇಲೆ ಏನು ಮಾಡಿದಿರಿ?

ನನ್ನ ಅತಿ ದೊಡ್ಡ ತಪ್ಪು ಐದನೇ ದಿನದ ರೋಟವೇಟರ್. ಹಸಿ ನೆಲದಲ್ಲಿ ಬದುಕಿರುವ ಗರಿಕೆ ಬಳ್ಳಿಯನ್ನು ರೋಟವೇಟರ್ ತುಂಡು ತುಂಡು ಮಾಡಿ, ಮಣ್ಣಲ್ಲಿ ಸಮನಾಗಿ ಹರಡಿ, ಮೇಲೊಂದು ಪದರ ಮುಚ್ಚಿ ಹೋಗುತ್ತದೆ. ಬಿತ್ತನೆ ಅಂದರೆ ಇನ್ನೇನು? ಒಂದೊಂದು ಗೆಣ್ಣೂ ಒಂದೊಂದು ಗಿಡ. ಬಾಡಿಗೆ ಕೊಟ್ಟು ಗರಿಕೆ ಬಿತ್ತಿಸಿದ ಹಾಗಾಯ್ತು.

ಬೇರಿಗೆ ಇಳಿಯುವ ಔಷಧಿ ಹೊಡೆದ ಮೇಲೆ ಎರಡು ಮೂರು ವಾರ ಆ ಜಾಗ ಮುಟ್ಟಬೇಡಿ. ಉಳುಮೆ ಇಲ್ಲ, ಕೊಯ್ಲು ಇಲ್ಲ, ದನ ಬಿಡುವ ಹಾಗೇ ಇಲ್ಲ. ಆಮೇಲೆ ಉಗುರಿನಲ್ಲಿ ಕೆರೆದು ನೋಡಿ, ಬಳ್ಳಿ ಕಂದಾಗಿದ್ದರೆ ಮಾತ್ರ ನೇಗಿಲು. ಅಲ್ಲಲ್ಲಿ ಹಸಿರು ಉಳಿದಿದ್ದರೆ ಇಡೀ ಹೊಲಕ್ಕೆ ಹೊಡೆಯಬೇಡಿ. ಅದು ಮತ್ತೆ ಒಂದು ಗೇಣು ಬೆಳೆಯಲಿ, ಆ ತೇಪೆಗೆ ಮಾತ್ರ ಹೊಡೆಯಿರಿ.

ಔಷಧಿಯೇ ಬೇಡ ಅನ್ನುವವರಿಗೆ ಬೇಸಿಗೆ ಉಳುಮೆ ಇದೆ. ಏಪ್ರಿಲ್ ಬಿಸಿಲಲ್ಲಿ ಆಳವಾಗಿ ಉತ್ತು, ಬಳ್ಳಿ ಮೇಲೆ ಬರುವ ಹಾಗೆ ಹೆಂಟೆ ಎಬ್ಬಿಸಿ ಬಿಟ್ಟರೆ ಒಣಗಿ ಸಾಯುತ್ತದೆ. ಕೂಲಿಯವರು ಸಿಕ್ಕರೆ ಆರಿಸಿ ರಾಶಿ ಹಾಕಿಸಿ. ಅದೇ ಬಳ್ಳಿ ಹಸಿ ನೆಲದಲ್ಲಿ ತುಂಡಾದರೆ ಬೆಳೆ, ಒಣ ನೆಲದಲ್ಲಿ ಮೇಲೆ ಬಿದ್ದರೆ ಕಸ. ದೊಡ್ಡಪ್ಪ ಇದನ್ನು ಮೊದಲೇ ಹೇಳಿದ್ದರು. ನಾನು ಕೇಳಲಿಲ್ಲ.

ಉಳಿದಿದ್ದು ಜೇಕು ಆದರೆ

ದಂಟನ್ನು ಬೆರಳಲ್ಲಿ ಹೊರಳಿಸಿ. ಮೂರು ಮೂಲೆ ಕೈಗೆ ತಾಗಿದರೆ ಅದು ಹುಲ್ಲೇ ಅಲ್ಲ, ಜೇಕು. ಕೆಳಗೆ ಅಗೆದರೆ ಮಣಿಸರದ ಹಾಗೆ ಒಂದಕ್ಕೊಂದು ಅಂಟಿದ ಕಪ್ಪು ಗಡ್ಡೆಗಳು, ಜಜ್ಜಿದರೆ ಘಮ್ ಅನ್ನುತ್ತವೆ. ಎಲೆ ಬಿಟ್ಟ ಗಡ್ಡೆಗೆ ಔಷಧಿ ಹೋಗುತ್ತದೆ. ಸರದಲ್ಲಿ ನಿದ್ದೆ ಮಾಡುತ್ತಿರುವ ಉಳಿದ ಗಡ್ಡೆಗಳಿಗೆ ಹೋಗುವುದಿಲ್ಲ, ಅವು ತಿಂಗಳಾದ ಮೇಲೆ ಏಳುತ್ತವೆ. ಹಾಗಾಗಿ ಜೇಕಿಗೆ ಒಂದು ಸಲದಲ್ಲಿ ಮುಗಿಯುವ ಮದ್ದಿಲ್ಲ. ಎದ್ದಾಗಲೆಲ್ಲ ಹೊಡೆದೋ ಕಿತ್ತೋ ಎರಡು ಮೂರು ಹಂಗಾಮು ಸತಾಯಿಸಬೇಕು. ಕಬ್ಬು, ಮೆಕ್ಕೆಜೋಳ ಹಾಕುವವರಿಗೆ ಹ್ಯಾಲೋಸಲ್ಫ್ಯೂರಾನ್ ಅನ್ನೋ ಜೇಕಿನದೇ ಔಷಧಿ ಇದೆ. ತೋಟ ಮಾಡುವ ನನಗೆ ಅದು ಉಪಯೋಗಕ್ಕೆ ಬರಲಿಲ್ಲ. ನನ್ನ ತಗ್ಗಿನಲ್ಲಿ ಜೇಕು ಇನ್ನೂ ಇದೆ, ಕಮ್ಮಿಯಾಗಿದೆ ಅಷ್ಟೇ.

ಡಬ್ಬಿ ಮುಚ್ಚಳ ತೆಗೆಯುವ ಮೊದಲು

2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿ, ಗ್ಲೈಫೋಸೇಟ್ ಅನ್ನು ಕೀಟ ನಿಯಂತ್ರಣದ ಪರವಾನಗಿ ಇರುವವರ ಮೂಲಕವೇ ಬಳಸಬೇಕು ಅಂದಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲೇ ಇದನ್ನು ಬಹುಶಃ ಕ್ಯಾನ್ಸರ್ ತರಬಲ್ಲದು ಅನ್ನುವ ಗುಂಪಿಗೆ ಸೇರಿಸಿತ್ತು. ಕೊಳ್ಳುವ ಮೊದಲು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಈಗಿನ ನಿಯಮ ಕೇಳಿ. ತೋಳು ಮುಚ್ಚುವ ಅಂಗಿ, ಗ್ಲೌಸು, ಬೂಟು, ಮುಖಕ್ಕೆ ಮಾಸ್ಕು ಬೇಕೇಬೇಕು. ಲುಂಗಿ ಎತ್ತಿಕಟ್ಟಿ ಬರಿಗಾಲಲ್ಲಿ ಹೊಡೆಯುವುದು ಶೌರ್ಯ ಅಲ್ಲ.

ಕಳೆಗೆ ಬೇರೆಯೇ ಸ್ಪ್ರೇಯರ್ ಇಡಿ. 2,4-ಡಿ ಹೊಡೆದ ಟ್ಯಾಂಕನ್ನು ಬರೀ ನೀರಲ್ಲಿ ತೊಳೆದು ಬದನೆಗೆ ಹುಳದ ಔಷಧಿ ಹೊಡೆದು, ಎಲೆಯೆಲ್ಲ ಮುರುಟಿದ್ದನ್ನು ನಮ್ಮ ಮನೆ ಹಿತ್ತಲಲ್ಲೇ ನೋಡಿದ್ದೇನೆ. ಇನ್ನೊಂದು ವಿಷಯ ನಮ್ಮವ್ವ ನೆನಪಿಸಿದ್ದು. ಸಂಕಷ್ಟಿಗೆ ಗರಿಕೆ ಕೀಳಲು ಊರ ಹೆಂಗಸರು ಹೊಲದ ಬದುವಿಗೆ ಬರುತ್ತಾರೆ. ಔಷಧಿ ಹೊಡೆದ ದಿನ ಅಕ್ಕಪಕ್ಕದ ಮನೆಗೆ ಹೇಳಿ, ದಾರಿಯಲ್ಲಿ ಒಂದು ಕೆಂಪು ಬಟ್ಟೆ ಕಟ್ಟಿ.

ಎರಡನೇ ವರ್ಷ ನಾನು ಮಾಡಿದ್ದು

ಆಗಸ್ಟ್ ಕೊನೆಗೆ ಒಂದು ಸಲ ಬ್ರಷ್ ಕಟರ್‌ನಲ್ಲಿ ಹಳೇ ಹುಲ್ಲು ಸವರಿದೆ. ಆಮೇಲೆ ದನ ಬಿಡಲಿಲ್ಲ. ಅಕ್ಟೋಬರ್ ಎರಡನೇ ವಾರ ಹೊಸ ಎಲೆ ತುಂಬಿ ತೆನೆ ಬಂತು. ಮಳೆ ಬಂದು ನಿಂತ ಮಾರನೇ ಬೆಳಗ್ಗೆ, ಡ್ರಮ್ಮಿನ ಮಳೆ ನೀರಲ್ಲಿ, ಟ್ಯಾಂಕಿಗೆ 120 ಮಿಲೀ, ಐದು ಟ್ಯಾಂಕು. ಆರನೇ ದಿನವೂ ಹಸಿರಾಗೇ ಇತ್ತು. ದೊಡ್ಡಪ್ಪ ಬದುವಿನ ಮೇಲೆ ನಿಂತು, "ಏನಪ್ಪಾ, ಈ ಸಲ ನೀರೇ ಹೊಡೆದೆಯಾ?" ಅಂದರು. ನಾನು ಮಾತಾಡಲಿಲ್ಲ. ಒಂಬತ್ತನೇ ದಿನ ಹಳದಿ, ಇಪ್ಪತ್ತನೇ ದಿನ ಅಗೆದರೆ ಬಳ್ಳಿ ಗೋಣಿದಾರ. ಬಕೆಟ್‌ನಲ್ಲಿ ಇಪ್ಪತ್ತಕ್ಕೆ ಎರಡು ಚಿಗುರಿದವು. ನವೆಂಬರ್ ಕೊನೆಗೆ ತೇಪೆಗಳಿಗೆ ಹೊಡೆದೆ.

ಡಿಸೆಂಬರ್‌ನಲ್ಲಿ ಉಳುಮೆ ಮಾಡಿಸಿ ಒಂಬತ್ತಡಿ ಲೆಕ್ಕಕ್ಕೆ ಗುರುತು ಹಾಕಿದೆ. ಸಂಕ್ರಾಂತಿ ಕಳೆದ ಮೇಲೆ ನೆರಳಿಗೆ ಬಾಳೆ, ಮುಂಗಾರಿಗೆ ಅಡಿಕೆ ಸಸಿ. ಬಾಳೆ ಎಲೆ ಹರಡಿದ ಮೇಲೆ ಗರಿಕೆ ಹಬ್ಬುವುದು ತಾನಾಗೇ ಕಮ್ಮಿಯಾಯ್ತು, ನೆರಳು ಕಂಡರೆ ಅದಕ್ಕೆ ಆಗುವುದಿಲ್ಲ. ಸಸಿ ಇಟ್ಟ ಮೇಲೆ ಒಳಗೆ ಕಳೆ ಔಷಧಿ ತಂದಿಲ್ಲ. ಎಳೇ ಅಡಿಕೆಯ ಕಾಂಡ ಹಸಿರಾಗಿರುತ್ತದೆ, ಹನಿ ಬಿದ್ದರೆ ಅಪಾಯ. ಬುಡದಲ್ಲಿ ಕುರ್ಪಿ, ಸಾಲಿನ ನಡುವೆ ಬ್ರಷ್ ಕಟರ್.

ಬದುವಿನ ಗರಿಕೆಯನ್ನು ಹಾಗೇ ಬಿಟ್ಟಿದ್ದೇನೆ. ಮಳೆಗೆ ಮಣ್ಣು ಕೊಚ್ಚದಂತೆ ಹಿಡಿಯುವುದು ಅದೇ. ತೋಟದ ಕಡೆ ಬಳ್ಳಿ ಚಾಚಿದಾಗ ಕುಡುಗೋಲಲ್ಲಿ ಕೊಯ್ದು ಎಮ್ಮೆಗೆ ಹಾಕುತ್ತೇನೆ.